ಸೇಂಟ್ ಲೂಯಿಸಿನ ಹಳೆಯ ನ್ಯಾಯಾಸ್ಥಾನ

ಕೋರ್ಟು ಕಚೇರಿಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ವಕೀಲರ ಕರಿಯ ನಿಲುವಂಗಿ, ಜವಾನನ ಕೂಗು, ವಾಯಿದೆಯ ಮೇಲೆ ವಾಯಿದೆ. ಅಂತಹ ಕಟ್ಟಡದ ಚರಿತ್ರೆಯಲ್ಲಿ ಕೇಳತಕ್ಕದ್ದೇನಿದೆಯೆಂದು ಶ್ರೋತೃಗಳು ಶಂಕಿಸಬಹುದು. ಈ ಹೊತ್ತು ನಾವು ಹೇಳಹೊರಟಿರುವುದು ಅಮೆರಿಕಾ ದೇಶದ ಮಿಸೂರಿ ಸಂಸ್ಥಾನದಲ್ಲಿ, ಮಿಸಿಸಿಪಿ ಮಹಾನದಿಯ ಪಶ್ಚಿಮ ತೀರದಲ್ಲಿರುವ ಸೇಂಟ್ ಲೂಯಿಸ್ ಪಟ್ಟಣದ ಕೌಂಟಿ ನ್ಯಾಯಾಸ್ಥಾನದ ವಿಚಾರ. ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಂತಹ ಒಂದು ಆಡಳಿತ ಭಾಗ.

1816ರಲ್ಲಿ ಆಗಸ್ಟ್ ಶೂಟೋ, ಜಾನ್ ಲ್ಯೂಕಾಸ್ ಎಂಬಿಬ್ಬರು ಗೃಹಸ್ಥರು, ಎಂದೆಂದಿಗೂ ನ್ಯಾಯಾಸ್ಥಾನಕ್ಕೇ ಉಪಯೋಗವಾಗತಕ್ಕದ್ದೆಂಬ ನಿಬಂಧನೆಯ ಮೇಲೆ ಈ ನಿವೇಶನವನ್ನು ದಾನವಿತ್ತರು. 1828ರಲ್ಲಿ ಇಟ್ಟಿಗೆಯ ಕಟ್ಟಡವೊಂದು ಮುಗಿಯಿತು. ಊರು ಬೆಳೆಯಿತು, ಕಟ್ಟಡ ಸಾಲದಾಯಿತು. 1839ರಲ್ಲಿ ಹೆನ್ರಿ ಸಿಂಗಲ್ಟನ್ನನ ನಕ್ಷೆಯಂತೆ ಆರಂಭವಾದ ಹೊಸ ಕೆಲಸವು ಪೂರ್ತಿಯಾಗಲು 1862ನೆಯ ಇಸವಿಯೇ ಬರಬೇಕಾಯಿತು. ವಿಲಿಯಂ ರಂಬೋಲ್ಡನು ಮೇಲೆ ನಿಲ್ಲಿಸಿದ ಕಬ್ಬಿಣದ ಗುಮ್ಮಟವು ರೋಮ್ ನಗರದ ಸೇಂಟ್ ಪೀಟರ್ ದೇವಾಲಯದ ಗುಮ್ಮಟವನ್ನು ನೆನಪಿಗೆ ತರುತ್ತದೆ.

ಮಿಸೂರಿಯು ಗುಲಾಮಗಿರಿಯನ್ನು ಒಪ್ಪಿದ್ದ ಸಂಸ್ಥಾನ. ಸತ್ತವರ ಆಸ್ತಿ ವಿಲೇವಾರಿಯಾಗುವಾಗ ಮೇಜು ಕುರ್ಚಿಗಳಂತೆ ಮನುಷ್ಯರನ್ನೂ ಈ ನ್ಯಾಯಾಸ್ಥಾನದ ಮೆಟ್ಟಿಲುಗಳ ಮೇಲೆ ಹರಾಜು ಹಾಕುತ್ತಿದ್ದರು. ಆದರೆ ಅನ್ಯಾಯವಾಗಿ ದಾಸ್ಯದಲ್ಲಿಡಲ್ಪಟ್ಟವನು ಬಿಡುಗಡೆಗಾಗಿ ದಾವೆ ಹೂಡಬಹುದೆಂದು 1824ರ ಕಾನೂನೂ ಇದ್ದಿತು. ಸೇಂಟ್ ಲೂಯಿಸಿನ ದಫ್ತರಗಳಲ್ಲಿ ಇಂತಹ ಮುನ್ನೂರಕ್ಕೂ ಹೆಚ್ಚು ದಾವೆಗಳು ದೊರೆತಿವೆ. ಮಾರಿದುದೂ ಇಲ್ಲಿಯೇ, ಬಿಡಿಸಿದುದೂ ಇಲ್ಲಿಯೇ!

ಇವುಗಳಲ್ಲಿ ಒಂದು ದಾವೆಯು ಇಡೀ ದೇಶವನ್ನೇ ಅಲುಗಿಸಿತು. ಡ್ರೆಡ್ ಸ್ಕಾಟ್ ಎಂಬವನನ್ನು ಅವನ ಯಜಮಾನನಾದ ಸೈನ್ಯದ ವೈದ್ಯ ಎಮರ್ಸನ್ನನು ದಾಸ್ಯವು ನಿಷಿದ್ಧವಾಗಿದ್ದ ಇಲಿನಾಯ್ ಸಂಸ್ಥಾನದಲ್ಲಿಯೂ ವಿಸ್ಕಾನ್ಸಿನ್ ಪ್ರಾಂತದಲ್ಲಿಯೂ ಇರಿಸಿಕೊಂಡಿದ್ದನು. ಸ್ವತಂತ್ರ ನೆಲದಲ್ಲಿ ನೆಲೆಸಿದವನು ಮರಳಿ ದಾಸನಾಗಲಾರನೆಂದು ಮಿಸೂರಿಯ ನ್ಯಾಯಾಸ್ಥಾನಗಳೇ ಅನೇಕ ಸಲ ತೀರ್ಮಾನಿಸಿದ್ದವು. ಆ ಧೈರ್ಯದ ಮೇಲೆ 1846ರ ಏಪ್ರಿಲಿನಲ್ಲಿ ಸ್ಕಾಟನೂ ಅವನ ಹೆಂಡತಿ ಹ್ಯಾರಿಯೆಟಳೂ ಎಮರ್ಸನ್ನನ ವಿಧವೆಯ ಮೇಲೆ ದಾವೆ ಹೂಡಿದರು. 1847ರ ವಿಚಾರಣೆಯಲ್ಲಿ ಸೋತರು. ಸೋತ ಕಾರಣವು ವಿಚಿತ್ರವಾದುದು: ಆಕೆಯಿಂದ ಇವರನ್ನು ಬಾಡಿಗೆಗೆ ಪಡೆದೆನೆಂದು ಹೇಳಬೇಕಾಗಿದ್ದ ಸಾಕ್ಷಿಯು, ಆ ಮಾತುಕತೆ ನಡೆಸಿದವಳು ತನ್ನ ಹೆಂಡತಿಯೆಂದು ಒಪ್ಪಿಬಿಟ್ಟನು. ಕೇಳಿದ ಮಾತು ಸಾಕ್ಷ್ಯವಲ್ಲ; ಆದುದರಿಂದ ಇವರು ಆಕೆಯ ಗುಲಾಮರೆಂಬುದೇ ರುಜುವಾಗಲಿಲ್ಲ. ಆಕೆಯ ಗುಲಾಮರೆಂದು ರುಜುವಾಗದ ಕಾರಣ ಅವರು ಆಕೆಯ ಗುಲಾಮರಾಗಿಯೇ ಉಳಿಯಬೇಕಾಯಿತು! ನ್ಯಾಯಶಾಸ್ತ್ರವನ್ನು ಬಲ್ಲ ಶ್ರೋತೃಗಳು ಇದಕ್ಕೆ ಏನೆನ್ನುವರೋ ತಿಳಿಯದು.

1850ರ ಜನವರಿಯಲ್ಲಿ ಇದೇ ಕಟ್ಟಡದಲ್ಲಿ ಮತ್ತೆ ವಿಚಾರಣೆಯಾಗಿ, ಜೂರಿಯವರು ಸ್ಕಾಟನನ್ನು ಸ್ವತಂತ್ರನೆಂದರು. 1852ರಲ್ಲಿ ಮಿಸೂರಿಯ ಮೇಲಿನ ನ್ಯಾಯಾಸ್ಥಾನವು ತನ್ನ ಹಿಂದಿನ ತೀರ್ಪುಗಳನ್ನೇ ಬದಿಗಿರಿಸಿ ಅದನ್ನು ರದ್ದುಮಾಡಿತು. 1857ರ ಮಾರ್ಚಿ 6ರಂದು ವಾಷಿಂಗ್ಟನ್ನಿನ ಪರಮೋಚ್ಚ ನ್ಯಾಯಾಸ್ಥಾನದ ಮುಖ್ಯ ನ್ಯಾಯಾಧೀಶ ಟೇನಿಯು, ಕರಿಯ ಜನರು ಅಮೆರಿಕಾ ದೇಶದ ಪ್ರಜೆಗಳಾಗಲಾರರು, ಆದುದರಿಂದ ಈತನಿಗೆ ದಾವೆ ಹೂಡುವ ಹಕ್ಕೇ ಇಲ್ಲವೆಂದು ಸಾರಿದನು. ಉತ್ತರದವರು ಕೆರಳಿದರು. ನಾಲ್ಕು ವರ್ಷಗಳಲ್ಲಿ ಅಂತರ್ಯುದ್ಧವು ಹೊತ್ತಿತು; ಈ ತೀರ್ಪು ಅದಕ್ಕೆ ಏಕಮಾತ್ರ ಕಾರಣವಲ್ಲದಿದ್ದರೂ ಉರಿಗೆ ತುಪ್ಪವಾದುದು ನಿಜ. ಸ್ಕಾಟನ ಮೊದಲ ಯಜಮಾನನ ಮಕ್ಕಳಾದ ಬ್ಲೋ ಮನೆತನದವರು ಆ ಸಂಸಾರವನ್ನು ತಮ್ಮ ಹೆಸರಿಗೆ ಪಡೆದು, ಅದೇ ವರ್ಷ ಮೇ 26ರಂದು ಇದೇ ನ್ಯಾಯಾಸ್ಥಾನದಲ್ಲಿ ಬಿಡುಗಡೆ ಮಾಡಿಸಿದರು. ಸ್ಕಾಟನು ಆ ಸ್ವಾತಂತ್ರ್ಯವನ್ನು ಅನುಭವಿಸಿದುದು ಹದಿನಾರು ತಿಂಗಳಿಗಿಂತಲೂ ಕಡಿಮೆ; 1858ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು.

ಮುಂದೆ ಅಧ್ಯಕ್ಷನಾದ ಗ್ರಾಂಟನು 1859ರಲ್ಲಿ, ತಾನೇ ಬಡತನದಲ್ಲಿದ್ದಾಗ, ವಿಲಿಯಂ ಜೋನ್ಸ್ ಎಂಬ ತನ್ನ ಗುಲಾಮನನ್ನು ಮಾರದೆ ಬಿಡುಗಡೆ ಮಾಡಿದುದೂ ಇಲ್ಲಿನ ದಫ್ತರದಲ್ಲಿಯೇ ದಾಖಲಾಗಿದೆ. ಮತದಾನದ ಹಕ್ಕನ್ನು ಕೇಳಿದ ವರ್ಜೀನಿಯಾ ಮೈನರ್ ಎಂಬಾಕೆಯ ದಾವೆಯೂ ಇಲ್ಲಿಯೇ ಹುಟ್ಟಿತು. ವಿವಾಹಿತೆಯು ತಾನೊಬ್ಬಳೇ ದಾವೆ ಹೂಡುವಂತಿರಲಿಲ್ಲವಾಗಿ ಗಂಡನೂ ಜೊತೆ ಸೇರಬೇಕಾಯಿತು. 1875ರಲ್ಲಿ ಪರಮೋಚ್ಚ ನ್ಯಾಯಾಸ್ಥಾನದಲ್ಲಿ ಆಕೆಗೂ ಸೋಲಾಯಿತು.

1930ರಲ್ಲಿ ಕೋರ್ಟುಗಳು ಹೊಸ ಕಟ್ಟಡಕ್ಕೆ ಹೋದವು. ನಿಬಂಧನೆ ಮುರಿಯಿತೆಂದು ದಾನಿಗಳ ವಂಶಸ್ಥರು ನಿವೇಶನಕ್ಕಾಗಿಯೇ ಮೊಕದ್ದಮೆ ಹೂಡಿದರು! ಕಟ್ಟಡವು ನಗರದ ಕೈಯಲ್ಲಿಯೇ ಉಳಿದು, 1940ರಲ್ಲಿ ರಾಷ್ಟ್ರೀಯ ಸ್ಮಾರಕವಾಗಿ ಕೇಂದ್ರ ಸರ್ಕಾರಕ್ಕೆ ಸೇರಿತು.

ನೋಡಬಂದವರು ಸ್ಕಾಟನ ವಿಚಾರಣೆ ನಡೆದ ಕೊಠಡಿಯನ್ನು ಹುಡುಕಿದರೆ ಸಿಕ್ಕದು. ಮೇಲಿನ ಅಂತಸ್ತು ಕುಸಿಯತೊಡಗಿದುದರಿಂದ 1855ರಲ್ಲಿಯೇ, ಆತನ ವ್ಯಾಜ್ಯ ಮುಗಿಯುವುದಕ್ಕೆ ಮುಂಚೆಯೇ, ಆ ಕೊಠಡಿಯ ನಡುವೆ ಓಣಿಯೊಂದನ್ನು ತೆಗೆದು ಗೋಡೆಗಳನ್ನೆಬ್ಬಿಸಿದರು. 2012ರಲ್ಲಿ ಹೊರಗಡೆ ಡ್ರೆಡ್ ಮತ್ತು ಹ್ಯಾರಿಯೆಟ್ ದಂಪತಿಗಳ ಕಂಚಿನ ಪ್ರತಿಮೆಯನ್ನು ಸ್ಥಾಪಿಸಿದರು. ಕೈ ಕೈ ಹಿಡಿದು ನಿಂತಿದ್ದಾರೆ.