ಗುಜರಿಗೆ ಹೋಗದ ಗಾಡಿ: ಹಳೆ ಟೈರು, ಅಚ್ಚು, ಕಮಾನ್ ಪಟ್ಟಿಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಗದಗದಿಂದ ಕೊಪ್ಪಳದ ಕಡೆ ರೈಲು ಹತ್ತಿದರೆ ನಡುವೆ ತಳಕಲ್ ಅಂತ ಒಂದು ಸ್ಟೇಷನ್ ಬರುತ್ತೆ. ಮೊದಲು ಯಲಬುರ್ಗಾ ತಾಲೂಕಿನಲ್ಲಿದ್ದ ಊರು, ಈಗ ಕುಕನೂರು ತಾಲೂಕಿಗೆ ಸೇರಿದೆ. ಈ ಹೆಸರನ್ನ ನೀವು ಇತ್ತೀಚೆಗೆ ಸುದ್ದಿಯಲ್ಲಿ ಕೇಳಿರಬಹುದು. ಗದಗ–ವಾಡಿ ಹೊಸ ರೈಲು ಮಾರ್ಗ ಕವಲೊಡೆಯೋದು ಇಲ್ಲಿಂದಲೇ. 2025ರ ಮೇ ತಿಂಗಳಲ್ಲಿ ಆ ಮಾರ್ಗದಲ್ಲಿ ಕುಷ್ಟಗಿವರೆಗೆ ರೈಲು ಓಡಿತು.

ಆದರೆ ಇವತ್ತು ನಾನು ಮಾತಾಡೋದು ಓಡುವ ರೈಲಿನ ಬಗ್ಗೆ ಅಲ್ಲ, ಓಡದೇ ನಿಂತುಹೋದ ಕಾರು, ಜೀಪು, ಲಾರಿಗಳ ಬಗ್ಗೆ.

ನಿಮ್ಮ ಫೋನಲ್ಲಿ ಇಂಥ ವಿಡಿಯೋ ಬಂದೇ ಬಂದಿರುತ್ತೆ. ಮರುಭೂಮಿಯಲ್ಲಿ ಒಂದು ಕಾರು ಕೆಟ್ಟು ನಿಂತಿದೆ. ಒಬ್ಬ ಅದರ ಕನ್ನಡಿ ಬಿಚ್ಚಿ ಬಿಸಿಲಿಗೆ ಹಿಡಿದು ಸಿಗ್ನಲ್ ಕೊಡ್ತಾನೆ, ಬ್ಯಾಟರಿಯಿಂದ ಬೆಂಕಿ ಹೊತ್ತಿಸ್ತಾನೆ, ಸೀಟಿನ ಬಟ್ಟೆ ಹೊದ್ದು ಮಲಗ್ತಾನೆ. ಅದು ಮೂರು ದಿನ ಜೀವ ಉಳಿಸಿಕೊಳ್ಳೋ ಆಟ. ನಮ್ಮ ಬಯಲುಸೀಮೆಯಲ್ಲಿ ಕೆಟ್ಟ ಗಾಡಿಯ ಬಿಡಿಭಾಗಗಳನ್ನ ನಂಬಿಕೊಂಡು ಜನ ತಲೆಮಾರುಗಟ್ಟಲೆ ಬದುಕಿದ್ದಾರೆ. ಆ ಕಥೆಯನ್ನ ಯಾರೂ ವಿಡಿಯೋ ಮಾಡಿಲ್ಲ.

ಗಾಡಿಗಳೇ ಅಪರೂಪವಾಗಿದ್ದ ಕಾಲ

ಮೊದಲು ಸ್ವಲ್ಪ ಹಿನ್ನೆಲೆ. 1948ರವರೆಗೆ ಕೊಪ್ಪಳ ಸೀಮೆ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು. ಪಕ್ಕದ ಗದಗ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿತ್ತು. ನಿಜಾಮರ ಸರ್ಕಾರ 1932ರಲ್ಲಿ ಸಾರಿಗೆ ವ್ಯವಸ್ಥೆ ಶುರು ಮಾಡಿದಾಗ ಇದ್ದ ಬಸ್ಸುಗಳು ಬರೀ 27. ಇಡೀ ಸಂಸ್ಥಾನಕ್ಕೆ! ಅಂದಮೇಲೆ ಹಳ್ಳಿಯವರ ಕಣ್ಣಿಗೆ ಮೋಟಾರು ಎಷ್ಟು ದೊಡ್ಡ ಸಂಗತಿ ಆಗಿತ್ತು, ಯೋಚನೆ ಮಾಡಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ಜೀಪು, ಲಾರಿಗಳು ದೇಶದಲ್ಲೆಲ್ಲಾ ಹರಾಜಿಗೆ ಬಂದವು. ಆಮೇಲೆ ಲೈಸೆನ್ಸ್ ರಾಜ್. ಹೊಸ ಕಾರು ಬುಕ್ ಮಾಡಿದರೆ ವರ್ಷಗಟ್ಟಲೆ ಕಾಯಬೇಕು. ವಿದೇಶದಿಂದ ಬಿಡಿಭಾಗ ತರಿಸೋದು ಇನ್ನೂ ಕಷ್ಟ. ಹಾಗಾಗಿ ಒಂದು ಗಾಡಿ ನಿಂತರೆ ಅದರ ಎಂಜಿನ್ ಇನ್ನೊಂದಕ್ಕೆ, ಗೇರ್ ಬಾಕ್ಸ್ ಮತ್ತೊಂದಕ್ಕೆ ಹೋಗುತ್ತಿತ್ತು. ಬೆಂಗಳೂರಿನ ಶಿವಾಜಿನಗರದ ಗುಜರಿ ಬಜಾರು ಬೆಳೆದದ್ದು ಇಂಥ ಕೊರತೆಯ ಮೇಲೇ. ಬೇರೆ ಯಾವ ಗಾಡಿಗೂ ಬೇಡವಾದ ಭಾಗ ಮಾತ್ರ ಹಳ್ಳಿ ದಾರಿ ಹಿಡಿಯುತ್ತಿತ್ತು.

ಎತ್ತಿಗೆ ಬಂದ ಟೈರು

ಹಳ್ಳಿಗೆ ಬಂದ ದೊಡ್ಡ ವಸ್ತು ಅಂದ್ರೆ ಅಚ್ಚು ಮತ್ತು ಗಾಲಿ. ಯಲಬುರ್ಗಾ, ಕುಕನೂರು ಕಡೆ ಎರೆ ಭೂಮಿ ಹೆಚ್ಚು. ಮಳೆ ಬಿದ್ದರೆ ಆ ಮಣ್ಣು ಹೇಗೆ ಅಂಟುತ್ತೆ ಅನ್ನೋದು ಅಲ್ಲಿ ನಡೆದವರಿಗೇ ಗೊತ್ತು. ಹಳೆ ಚಕ್ಕಡಿಗೆ ಮರದ ಗಾಲಿ, ಅದರ ಸುತ್ತ ಕಬ್ಬಿಣದ ಪಟ್ಟಿ. ಪಟ್ಟಿ ಸಣ್ಣದು, ಭಾರ ಜಾಸ್ತಿ. ಗಾಲಿ ಸೀದಾ ಹೂತುಕೊಳ್ಳುತ್ತೆ. ಎತ್ತು ಮೊಣಕಾಲೂರಿ ಎಳೆಯಬೇಕು.

ಗಾಳಿ ತುಂಬಿದ ಟೈರು ಅಗಲ. ಅದು ಭಾರವನ್ನ ಹೆಚ್ಚು ಜಾಗಕ್ಕೆ ಹಂಚುತ್ತೆ. ಬೇರಿಂಗ್ ಇರೋದರಿಂದ ಗಾಲಿ ಸಲೀಸಾಗಿ ಉರುಳುತ್ತೆ. ಅದೇ ಜೋಡೆತ್ತು ಹೆಚ್ಚು ಹೇರು ಎಳೆಯುತ್ತೆ, ಹೆಗಲ ಮೇಲಿನ ಕುಲುಕಾಟವೂ ಕಡಿಮೆ. ಡನ್‌ಲಪ್ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ ಟೈರ್ ಕಾರ್ಖಾನೆ ಶುರು ಮಾಡಿತು. ಎತ್ತಿನ ಗಾಡಿಗೆ ಅಂತಲೇ ತಯಾರಾದ ಟೈರುಗಳೂ ಮಾರುಕಟ್ಟೆಗೆ ಬಂದವು. ಉತ್ತರ ಭಾರತದ ಎಷ್ಟೋ ಕಡೆ ಟೈರು ಗಾಡಿಗೆ ಇವತ್ತಿಗೂ 'ಡನ್‌ಲಪ್' ಅಂತಲೇ ಹೆಸರು.

ಆದರೆ ಹೊಸ ಟೈರು, ಹೊಸ ಅಚ್ಚು ಕೊಳ್ಳೋ ತಾಕತ್ತು ಒಣಬೇಸಾಯದ ರೈತನಿಗೆ ಎಲ್ಲಿತ್ತು? ಹಾಗಾಗಿ ಅವನು ಹುಡುಕಿಕೊಂಡು ಹೋದದ್ದು ಕೆಟ್ಟು ನಿಂತ ಗಾಡಿಗಳನ್ನ. ಅಚ್ಚು, ಬೇರಿಂಗ್, ಸವೆದ ಟೈರು ತಂದ. ಊರಿನ ಬಡಿಗ ಅದರ ಮೇಲೆ ಮರದ ಚೌಕಟ್ಟು ಕೂರಿಸಿದ. ಟೈರ್ ಬಂಡಿ ತಯಾರು. ಲಾರಿಗೆ ಬೇಡವಾದ ಸವೆದ ಟೈರು ಎತ್ತಿನ ನಡಿಗೆಗೆ ಧಾರಾಳ ಸಾಕು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿ ಸುಧಾರಣೆಗೆ ವರ್ಷಗಟ್ಟಲೆ ಓಡಾಡಿದರು. ದೇಶದಲ್ಲಿ ಆಗ ಕೋಟಿಗೂ ಹೆಚ್ಚು ಗಾಡಿಗಳಿದ್ದವು. ಅವರು ವರದಿಯಲ್ಲಿ ಬರೆದು ಸರ್ಕಾರದ ಮುಂದಿಟ್ಟ ಚಿಂತನೆಯನ್ನ ಹಳ್ಳಿಯ ಬಡಿಗ ಗುಜರಿ ಸಾಮಾನು ಹಿಡಿದು ತನ್ನಷ್ಟಕ್ಕೆ ಮಾಡುತ್ತಿದ್ದ.

ಬರಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತೆ. ದೂರದ ಬಾವಿಯಿಂದ ಬ್ಯಾರಲ್ ತುಂಬ ನೀರು ತರಬೇಕು, ಎಲ್ಲಿಂದಲೋ ಮೇವು ಹೇರಿಕೊಂಡು ಬರಬೇಕು. ಬಡಕಲು ಎತ್ತಿಗೆ ಹಗುರಾಗಿ ಉರುಳೋ ಗಾಲಿ ಸಿಕ್ಕರೆ ಒಂದು ಸುತ್ತು ಹೆಚ್ಚು ಹೋಗಿಬರಬಹುದು. ದನ ಉಳಿಯೋದು, ಮಾರಿ ಗುಳೆ ಹೋಗೋದು, ಎರಡರ ನಡುವೆ ಅಷ್ಟೇ ಅಂತರ.

ಲಾರಿಯ ಕಮಾನು ಕುಡಗೋಲಾದದ್ದು

ಈಗ ನನಗೆ ತುಂಬ ಇಷ್ಟದ ಭಾಗ. ಲಾರಿಯ ಕೆಳಗೆ ಬಾಗಿದ ಪಟ್ಟಿಗಳು ಒಂದರ ಮೇಲೊಂದು ಇರುತ್ತಲ್ಲ, ಲೀಫ್ ಸ್ಪ್ರಿಂಗ್, ಕಮಾನ್ ಪಟ್ಟಿ? ಅದು ಸಾಮಾನ್ಯ ಕಬ್ಬಿಣ ಅಲ್ಲ. ಮನೆ ಕಿಟಕಿ ಸರಳಿನಂಥ ಮೆದು ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಸುಮಾರು 0.2 ಭಾಗ. ಕಮಾನ್ ಪಟ್ಟಿಯಲ್ಲಿ 0.5ರಿಂದ 0.6. ಜೊತೆಗೆ ಸಿಲಿಕಾನ್, ಮ್ಯಾಂಗನೀಸ್, ಕೆಲವದರಲ್ಲಿ ಕ್ರೋಮಿಯಂ. ಇದನ್ನ ಕೆಂಪಗೆ ಕಾಯಿಸಿ, ಬಡಿದು, ನೀರು ಅಥವಾ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿದರೆ ಅಲಗು ಗಟ್ಟಿಯೂ ಆಗುತ್ತೆ, ಪಟಕ್ಕನೆ ಮುರಿಯೋದೂ ಇಲ್ಲ.

ನಮ್ಮ ಕಂಬಾರರು ಈ ಅಂಕಿಅಂಶ ಓದಿದವರಲ್ಲ. ಸುತ್ತಿಗೆ ಏಟಿಗೆ ಲೋಹ ಹೇಗೆ ಪುಟಿಯುತ್ತೆ, ಕಾದಾಗ ಯಾವ ಬಣ್ಣ ಬರುತ್ತೆ, ಅದರಲ್ಲೇ ಹದ ಹಿಡಿಯೋರು. ಕುಡಗೋಲು, ಕುರ್ಚಿಗಿ, ಕೊಡಲಿ, ಕುಂಟೆಯ ಅಲಗು, ಎಲ್ಲಕ್ಕೂ ಹಳೆ ಲಾರಿಯ ಪಟ್ಟಿ. ರಸ್ತೆ ಪಕ್ಕ ಡೇರೆ ಹಾಕಿ ಕುಲುಮೆ ಹೂಡೋ ಅಲೆಮಾರಿ ಕಂಬಾರರ ಹತ್ತಿರ ಇವತ್ತಿಗೂ ಈ ಪಟ್ಟಿಗಳ ರಾಶಿ ಕಾಣಬಹುದು. ಕಂಬಾರನಿಗೆ ಸುಗ್ಗಿಯಲ್ಲಿ ಕಾಳು ಕೊಡುವ ಆಯದ ಪದ್ಧತಿ ಸಡಿಲಾಗಿ, ಕೈಗೆ ಕಾಸು ಕೊಟ್ಟು ಕೆಲಸ ಮಾಡಿಸುವ ಕಾಲ ಬಂದಾಗ, ಅಗ್ಗಕ್ಕೆ ಸಿಕ್ಕ ಈ ಒಳ್ಳೆ ಉಕ್ಕು ಎಷ್ಟೋ ಕಂಬಾರಸಾಲಿಗಳ ಬೆಂಕಿ ಆರದಂತೆ ನೋಡಿಕೊಂಡಿತು.

ಇನ್ನೊಂದು ಮಾತು. ಕೊಪ್ಪಳ ಜಿಲ್ಲೆಗೆ ಕಬ್ಬಿಣ ಹೊಸದಲ್ಲ. ಗಂಗಾವತಿ ಹತ್ತಿರದ ಹಿರೇಬೆಣಕಲ್‌ನ ಶಿಲಾ ಸಮಾಧಿಗಳು ಕಬ್ಬಿಣ ಯುಗದವು. ಇವತ್ತು ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಬೀಡುಕಬ್ಬಿಣ, ವಾಹನಗಳ ಎರಕದ ಭಾಗಗಳು ತಯಾರಾಗುತ್ತವೆ. ಒಂದೇ ಜಿಲ್ಲೆ: ಒಂದು ತುದಿಯಲ್ಲಿ ಗಾಡಿ ಹುಟ್ಟುತ್ತೆ, ಇನ್ನೊಂದು ತುದಿಯಲ್ಲಿ ಹಳೆ ಗಾಡಿ ಕುಡಗೋಲಾಗುತ್ತೆ.

ಹನೋಯಿಯಿಂದ ಹವಾನಾವರೆಗೆ

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಫ್ರೆಂಚರ ವಿರುದ್ಧ ಹೋರಾಡಿದ ವಿಯೆಟ್ನಾಂ ಸೈನಿಕರು ಹಳೆ ಟೈರು ಕತ್ತರಿಸಿ ಚಪ್ಪಲಿ ಮಾಡಿಕೊಂಡರು. ನಮ್ಮ ಸಂತೆಗಳಲ್ಲೂ ಟೈರಿನ ಚಪ್ಪಲಿ ಮಾರುತ್ತಿದ್ದರು, ಜಾಲಿ ಮುಳ್ಳಿಗೆ ಜಗ್ಗದ ಚಪ್ಪಲಿ! ಅಮೆರಿಕದ ದಿಗ್ಬಂಧನ ಬಿದ್ದ ಮೇಲೆ ಕ್ಯೂಬಾದವರು 1950ರ ದಶಕದ ಕಾರುಗಳಿಗೆ ರಷ್ಯಾದ ಎಂಜಿನ್ ಕೂರಿಸಿ ಓಡಿಸಿದರು. ಗುಜರಾತಿನ ಅಮ್ರೇಲಿಯ ಮನ್ಸುಖ್‌ಭಾಯಿ ಜಗಾನಿ 1990ರ ದಶಕದಲ್ಲಿ ಬುಲೆಟ್ ಬೈಕಿಗೆ ಬೇಸಾಯದ ಸಲಕರಣೆ ಜೋಡಿಸಿದರು. ನಮ್ಮ ಉತ್ತರ ಕರ್ನಾಟಕದ ರೈತರೂ ಹಳೆ ಬೈಕಿಗೆ ಎಡೆಕುಂಟೆ ಕಟ್ಟಿ ಹೊಲದಲ್ಲಿ ಕಳೆ ತೆಗೀತಾರೆ. ಜೋಡೆತ್ತು ಸಾಕೋ ಖರ್ಚು ತಾಳದವರಿಗೆ ಅದೇ ಎತ್ತು.

ಇದರಲ್ಲಿ ವಿಷವೂ ಇದೆ

ಹಾಗಂತ ಎಲ್ಲವೂ ಚೆಂದ ಅಂತ ನಾನು ಹೇಳಲ್ಲ. ಹಳೆ ಬ್ಯಾಟರಿ ಒಡೆದು ಸೀಸ ತೆಗೆಯೋ ಕೆಲಸ ಜೀವಕ್ಕೇ ಮುಳುವು. ಸೀಸಕ್ಕೆ ಸುರಕ್ಷಿತ ಮಟ್ಟ ಅನ್ನೋದೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಮಕ್ಕಳ ಮೆದುಳಿಗೆ ಪೆಟ್ಟು ಹೆಚ್ಚು. ಟೈರು ಸುಟ್ಟು ತಂತಿ ತೆಗೆಯೋ ಹೊಗೆಯೂ ಅಷ್ಟೇ. ದುಡಿಮೆಗಾರ ಉಳಿಸಿದ ನಾಲ್ಕು ಕಾಸು ಆಸ್ಪತ್ರೆ ಪಾಲಾದರೆ ಅದನ್ನ ಬದುಕುವ ದಾರಿ ಅನ್ನೋಕಾಗಲ್ಲ.

ಅದಕ್ಕೇ 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ವಾಹನ ಗುಜರಿ ನೀತಿ ತಂದಾಗ ಅದರಲ್ಲಿ ಅರ್ಥ ಇತ್ತು. ನೋಂದಾಯಿತ ಕೇಂದ್ರಗಳಲ್ಲೇ, ಎಣ್ಣೆ, ಬ್ಯಾಟರಿ ಬೇರೆ ಮಾಡಿ ಗಾಡಿ ಕಳಚಬೇಕು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವೂ ನಿಂತಿದೆ.

ನನ್ನ ಪ್ರಶ್ನೆ ಇಷ್ಟೇ. ಗಾಡಿಗಳೆಲ್ಲ ದೊಡ್ಡ ಕೇಂದ್ರಕ್ಕೆ ಹೋಗಿ, ಪುಡಿಯಾಗಿ, ಕುಲುಮೆಯಲ್ಲಿ ಕರಗಿಬಿಟ್ಟರೆ ಕಂಬಾರನಿಗೆ ಕಮಾನ್ ಪಟ್ಟಿ ಎಲ್ಲಿಂದ? ಕರಗಿಸಿ ಮತ್ತೆ ಉಕ್ಕು ಮಾಡೋಕೆ ಬೇಕಾದ ಬೆಂಕಿಗಿಂತ, ಇದ್ದ ಪಟ್ಟಿಯನ್ನೇ ಬಡಿದು ಕುಡಗೋಲು ಮಾಡೋಕೆ ಬೇಕಾದ ಬೆಂಕಿ ಎಷ್ಟೋ ಕಡಿಮೆ. ವಿಷದ ಭಾಗ ಕೇಂದ್ರದಲ್ಲೇ ಉಳಿಯಲಿ. ಒಳ್ಳೆ ಅಚ್ಚು, ಬೇರಿಂಗ್, ಪಟ್ಟಿಗಳು ನ್ಯಾಯವಾದ ಬೆಲೆಗೆ ಹಳ್ಳಿಗೆ ಬರಲಿ. ನೀತಿ ಬರೆಯೋರು ಕಂಬಾರ, ಬಡಿಗರನ್ನೂ ಲೆಕ್ಕಕ್ಕೆ ಹಿಡೀಬೇಕು ಅಂತ ನನ್ನ ಮಾತು.

ನಿಮ್ಮಿಂದ ಒಂದು ಸಹಾಯ ಬೇಕು. ನಿಮ್ಮೂರಲ್ಲಿ ಹಳೆ ಟೈರ್ ಬಂಡಿ ಇದ್ದರೆ ಅದರ ಅಚ್ಚು ಯಾವ ಗಾಡಿಯದು, ಎಲ್ಲಿಂದ ತಂದದ್ದು ಅಂತ ಅಜ್ಜನನ್ನೋ ಮುತ್ಯಾನನ್ನೋ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಬಂಡಿಗಳು ಮೂಲೆ ಸೇರ್ತಾ ಇವೆ, ಅದನ್ನ ಕಟ್ಟಿದವರಿಗೂ ವಯಸ್ಸಾಗ್ತಿದೆ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಧ್ವನಿಗಳನ್ನೇ ಕೇಳೋಣ.