ಕೆನ್ನಿ ಡೋರಮ್‌ನನ್ನು ಎಲ್ಲಿಂದ ಕೇಳಬೇಕು?

ಜಾಜ್ ಕಲಿಯಲು ಹೊರಟವರಿಗೆ ಮೊದಮೊದಲು ಹೇಳಿಕೊಡುವ ಟ್ಯೂನುಗಳಲ್ಲಿ 'ಬ್ಲೂ ಬೋಸಾ' ಒಂದು. ಬರೀ ಹದಿನಾರು ಬಾರ್‌ಗಳ ಪುಟ್ಟ ರಚನೆ. ಸಿ ಮೈನರ್‌ನಲ್ಲಿ ಹೊರಡುತ್ತೆ, ನಡುವೆ ನಾಲ್ಕು ಬಾರ್ ಡಿ ಫ್ಲಾಟ್ ಮೇಜರ್ ಕಡೆ ಸುತ್ತಾಡಿಕೊಂಡು ಬಂದು ಮತ್ತೆ ಮನೆ ಸೇರುತ್ತೆ. ಯೂಟ್ಯೂಬಿನಲ್ಲಿ ಹುಡುಕಿದರೆ ಗಿಟಾರ್, ಪಿಯಾನೋ, ಕೊಳಲು ಎಲ್ಲದರಲ್ಲೂ ನುಡಿಸುವವರು ಸಿಗುತ್ತಾರೆ. ಇದನ್ನು ಬರೆದವನು ಯಾರು ಅಂತ ಕೇಳಿ ನೋಡಿ, ಬಹಳ ಜನ ಜೋ ಹೆಂಡರ್ಸನ್ ಹೆಸರು ಹೇಳುತ್ತಾರೆ. ಅದು 1963ರಲ್ಲಿ ರೆಕಾರ್ಡ್ ಆದ ಅವನ ಮೊದಲ ಆಲ್ಬಮ್ 'ಪೇಜ್ ಒನ್'ನಲ್ಲಿ ಬಂದದ್ದು ನಿಜ. ಆದರೆ ಬರೆದವನು ಅದೇ ಆಲ್ಬಮಿನಲ್ಲಿ ಪಕ್ಕದಲ್ಲಿ ನಿಂತು ಟ್ರಂಪೆಟ್ ಊದಿದ ಕೆನ್ನಿ ಡೋರಮ್.

ಈ ಮನುಷ್ಯನ ಇಡೀ ಕಥೆಯೇ ಹೀಗೆ. ಅವನ ಟ್ಯೂನ್ ಎಲ್ಲರಿಗೂ ಗೊತ್ತು, ಅವನು ಗೊತ್ತಿಲ್ಲ. ಜಾಜ್ ಬಗ್ಗೆ ಬರೆಯುವವರು ಡೋರಮ್ ಹೆಸರು ಬಂದಾಗಲೆಲ್ಲ 'ಸಿಗಬೇಕಾದ ಮನ್ನಣೆ ಸಿಗದವನು' ಅಂತ ಒಂದು ಸಾಲು ಸೇರಿಸಿ ಮುಂದೆ ಹೋಗಿಬಿಡುತ್ತಾರೆ. ಯಾಕೆ ಸಿಗಲಿಲ್ಲ? ಒಂದು ಕಾರಣ, ನಾವು ಅವನನ್ನು ತಪ್ಪು ಜಾಗದಿಂದ ಕೇಳಲು ಶುರು ಮಾಡುತ್ತೇವೆ ಅಂತ ನನಗನ್ನಿಸುತ್ತೆ. ಅದಕ್ಕೇ ಈ ಬರಹ.

ಮೊದಲು ಸ್ವಲ್ಪ ಹಿನ್ನೆಲೆ. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಮುಂತಾದವರು ಕಟ್ಟಿದ ಬೀಬಾಪ್ ಮಹಾ ವೇಗದ, ತಲೆ ತಿರುಗಿಸುವ ಸಂಗೀತ. 1950ರ ದಶಕದ ನಡುವಿಗೆ ಬರುವಾಗ ಅದಕ್ಕೆ ಬ್ಲೂಸ್ ಮತ್ತು ಕಪ್ಪು ಜನರ ಚರ್ಚಿನ ಹಾಡುಗಳ ಗುಣ ಸೇರಿಕೊಂಡಿತು. ಕೇಳಿದರೆ ಕಾಲು ತಾನಾಗಿ ತಾಳ ಹಾಕಬೇಕು, ಹಾಗೆ. ಅದೇ ಹಾರ್ಡ್ ಬಾಪ್. ಡೋರಮ್ ಈ ಎರಡೂ ಕಾಲದಲ್ಲಿ ನಟ್ಟನಡುವೆ ಇದ್ದವನು.

ಹುಟ್ಟಿದ್ದು 1924ರಲ್ಲಿ, ಟೆಕ್ಸಸ್‌ನ ಫೇರ್‌ಫೀಲ್ಡ್ ಬಳಿ. ಗಿಲೆಸ್ಪಿಯ, ಬಿಲ್ಲಿ ಎಕ್‌ಸ್ಟೈನ್‌ನ ದೊಡ್ಡ ಬ್ಯಾಂಡುಗಳಲ್ಲಿ ನುಡಿಸಿ ಪಳಗಿದ. 1948ರ ಕೊನೆಯಲ್ಲಿ ಮೈಲ್ಸ್ ಡೇವಿಸ್ ಪಾರ್ಕರ್‌ನ ಕ್ವಿಂಟೆಟ್ ಬಿಟ್ಟಾಗ ಆ ಜಾಗಕ್ಕೆ ಬಂದವನು ಡೋರಮ್. 1949ರ ಮೇ ತಿಂಗಳಲ್ಲಿ ಪ್ಯಾರಿಸ್ ಜಾಜ್ ಉತ್ಸವಕ್ಕೆ ಪಾರ್ಕರ್ ಜೊತೆ ಹೋದಾಗ, ಅದೇ ಉತ್ಸವದಲ್ಲಿ ಇನ್ನೊಂದು ಗುಂಪಿನ ಟ್ರಂಪೆಟ್ ಆಗಿ ಮೈಲ್ಸ್ ಕೂಡ ಇದ್ದ! ಹೋಲಿಕೆ ಮಾಡುವವರಿಗೆ ಇನ್ನೇನು ಬೇಕು?

1954-55ರಲ್ಲಿ ಹೊರೇಸ್ ಸಿಲ್ವರ್ ಮತ್ತು ಆರ್ಟ್ ಬ್ಲೇಕಿ ಸೇರಿ ಜಾಜ್ ಮೆಸೆಂಜರ್ಸ್ ಶುರು ಮಾಡಿದಾಗ ಅದರ ಮೊದಲ ಟ್ರಂಪೆಟ್ ಇವನದೇ. ಆದರೆ ಇವತ್ತು ಮೆಸೆಂಜರ್ಸ್ ಅಂದರೆ ಜನಕ್ಕೆ ನೆನಪಾಗುವುದು ಆಮೇಲೆ ಬಂದ ಲೀ ಮಾರ್ಗನ್, ಫ್ರೆಡ್ಡಿ ಹಬರ್ಡ್. 1956ರ ಜೂನ್‌ನಲ್ಲಿ 25 ವರ್ಷದ ಕ್ಲಿಫರ್ಡ್ ಬ್ರೌನ್ ಕಾರ್ ಅಪಘಾತದಲ್ಲಿ ತೀರಿಕೊಂಡ. ಅವನೂ ಮ್ಯಾಕ್ಸ್ ರೋಚ್‌ನೂ ಸೇರಿ ನಡೆಸುತ್ತಿದ್ದ ಗುಂಪಿಗೆ ಒಬ್ಬ ಟ್ರಂಪೆಟ್ ವಾದಕ ಬೇಕಾಯಿತು. ಆಗಲೂ ಬಂದವನು ಡೋರಮ್. ಇಡೀ ಜಾಜ್ ಲೋಕ ಅಳುತ್ತಿದ್ದ ಹುಡುಗನ ಜಾಗದಲ್ಲಿ ನಿಂತು ಊದುವುದು ಹೇಗಿದ್ದಿರಬೇಕು, ಊಹಿಸಿಕೊಳ್ಳಿ.

ಬೇರೆಯವರು ಬಿಟ್ಟುಹೋದ ಪ್ರಾಜೆಕ್ಟಿಗೆ ನಡುವೆ ಸೇರಿದ ಸಾಫ್ಟ್‌ವೇರ್ ಮಂದಿಗೆ ಇದು ಬೇಗ ಅರ್ಥವಾಗುತ್ತೆ. ಸರಿಯಾಗಿ ನಡೆದರೆ ಹಳಬರ ಪುಣ್ಯ, ಕೆಟ್ಟರೆ ಹೊಸಬನ ತಪ್ಪು :-)

ಆದ್ದರಿಂದಲೇ ಪಾರ್ಕರ್, ಮೆಸೆಂಜರ್ಸ್, ರೋಚ್ ರೆಕಾರ್ಡುಗಳಿಂದ ಡೋರಮ್‌ನನ್ನು ಶುರು ಮಾಡಬೇಡಿ ಅನ್ನುತ್ತೇನೆ. ಅವು ಕೆಟ್ಟವು ಅಂತಲ್ಲ. ಅಲ್ಲಿ ನಮ್ಮ ಕಿವಿ ಇನ್ನೊಬ್ಬನನ್ನು ಹುಡುಕುತ್ತಿರುತ್ತೆ. ಗಿಲೆಸ್ಪಿಯಂತೆ ಮೇಲಿನ ಸ್ವರಗಳಿಗೆ ಹಾರುವುದಾಗಲಿ, ಬ್ರೌನ್‌ನಂತೆ ದುಂಡನೆಯ ಹೊಳೆಯುವ ನಾದವಾಗಲಿ ಇವನ ಸ್ವಭಾವವಲ್ಲ. ಇವನ ಟ್ರಂಪೆಟ್ಟಿನ ದನಿ ಸ್ವಲ್ಪ ಒಣಗಿದ್ದು, ಮೆತ್ತಗಿನದು. ಪಕ್ಕದಲ್ಲಿ ಕೂತು ಮಾತಾಡುವವನ ಹಾಗೆ. ಗಟ್ಟಿ ದನಿಯವರ ನೆರಳಿನಲ್ಲಿ ಅದು ಕೇಳಿಸುವುದೇ ಇಲ್ಲ.

ಹಾಗಾದರೆ ಎಲ್ಲಿಂದ? ನಾನು ಹೇಳುವ ಕ್ರಮ ಇದು.

ಮೊದಲು 'ಕ್ವಾಯಟ್ ಕೆನ್ನಿ'. 1959ರ ನವೆಂಬರ್ 13ರಂದು, ಒಂದೇ ದಿನದಲ್ಲಿ ರೆಕಾರ್ಡ್ ಆದದ್ದು. ಟಾಮಿ ಫ್ಲಾನಗನ್ ಪಿಯಾನೋ, ಪಾಲ್ ಚೇಂಬರ್ಸ್ ಬಾಸ್, ಆರ್ಟ್ ಟೇಲರ್ ಡ್ರಮ್ಸ್. ಸ್ಯಾಕ್ಸೊಫೋನ್ ಇಲ್ಲ. ಅಂದರೆ ಮುಂದೆ ನಿಂತವನು ಇವನೊಬ್ಬನೇ, ಹೋಲಿಸಲು ಪಕ್ಕದಲ್ಲಿ ಯಾರೂ ಇಲ್ಲ. ಮೊದಲ ಟ್ಯೂನ್ 'ಲೋಟಸ್ ಬ್ಲಾಸಮ್' ಅವನದೇ ರಚನೆ. (ಇದನ್ನು ಎರಡು ವರ್ಷ ಮೊದಲೇ ಸಾನಿ ರಾಲಿನ್ಸ್ ಬೇರೆ ಹೆಸರಿನಲ್ಲಿ ನುಡಿಸಿದ್ದ. ನೋಡಿ, ಇಲ್ಲೂ ಅದೇ ಕಥೆ!) ನನಗೆ ಬಹಳ ಇಷ್ಟವಾದದ್ದು 'ಅಲೋನ್ ಟುಗೆದರ್'. ಮೂರು ನಿಮಿಷದ ಆಸುಪಾಸು ಅಷ್ಟೆ. ಹಳೆಯ ಹಾಡಿನ ಧಾಟಿಯನ್ನು ಹೆಚ್ಚು ಅಲುಗಾಡಿಸದೆ, ಒಂದೊಂದೇ ಸ್ವರ ತೂಗಿ ಇಡುತ್ತಾನೆ. ಅವನ ದನಿ ಏನು ಅಂತ ಇಲ್ಲಿ ಗೊತ್ತಾದರೆ ಮುಂದಿನದೆಲ್ಲ ಸಲೀಸು.

ಎರಡನೆಯದು 'ವಿಸಲ್ ಸ್ಟಾಪ್', 1961ರ ಜನವರಿ, ಬ್ಲೂ ನೋಟ್ ಕಂಪನಿಗೆ. ಸಿಗ್ನಲ್ ಕೊಟ್ಟರೆ ಮಾತ್ರ ರೈಲು ನಿಲ್ಲುವ ಸಣ್ಣ ಊರಿನ ಸ್ಟೇಷನ್ನಿಗೆ ಅಮೆರಿಕದಲ್ಲಿ ಹಾಗನ್ನುತ್ತಾರೆ. ಹ್ಯಾಂಕ್ ಮೋಬ್ಲಿ ಟೆನರ್ ಸ್ಯಾಕ್ಸ್, ಕೆನ್ನಿ ಡ್ರೂ ಪಿಯಾನೋ, ಮತ್ತೆ ಪಾಲ್ ಚೇಂಬರ್ಸ್, ಫಿಲಿ ಜೋ ಜೋನ್ಸ್ ಡ್ರಮ್ಸ್. ಏಳಕ್ಕೆ ಏಳೂ ಟ್ಯೂನ್ ಡೋರಮ್‌ನವೇ. ನುಡಿಸುವವನು ಮಾತ್ರವಲ್ಲ, ಬರೆಯುವವನೂ ಹೌದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 'ಬಫಲೋ'ದ ಬ್ಲೂಸ್ ನಡಿಗೆ ಕೇಳಿ, ಆಮೇಲೆ 'ಸನ್‌ಸೆಟ್' ಕೇಳಿ. ಹಾರ್ಡ್ ಬಾಪ್ ಅಂದರೆ ಬರೀ ಜೋರಾಗಿ ಬಡಿಯುವುದು ಅನ್ನುವವರ ಬಾಯಿ ಮುಚ್ಚಿಸಲು ಈ ಎರಡು ಸಾಕು.

ಮೂರನೆಯದಾಗಿ 'ಉನಾ ಮಾಸ್' ಮತ್ತು 'ಪೇಜ್ ಒನ್' ಜೋಡಿಯಾಗಿ ಕೇಳಿ. 'ಉನಾ ಮಾಸ್' ರೆಕಾರ್ಡ್ ಆದದ್ದು 1963ರ ಏಪ್ರಿಲ್ 1ರಂದು. ಡೋರಮ್‌ಗೆ ಆಗ 38. ಜೊತೆಗಿದ್ದವರೆಲ್ಲ ಹುಡುಗರು: ಜೋ ಹೆಂಡರ್ಸನ್‌ಗೆ 25, ಪಿಯಾನೋದ ಹರ್ಬಿ ಹ್ಯಾನ್‌ಕಾಕ್‌ಗೆ 22, ಡ್ರಮ್ಮರ್ ಟೋನಿ ವಿಲಿಯಮ್ಸ್‌ಗೆ ಬರೀ 17. ಹದಿನೈದು ನಿಮಿಷದ ಶೀರ್ಷಿಕೆ ಟ್ಯೂನಿನಲ್ಲಿ ಲ್ಯಾಟಿನ್ ಲಯ ಬಿಡದೆ ಸುತ್ತುತ್ತೆ. 1961ರಲ್ಲಿ ಡೋರಮ್ ಬ್ರೆಜಿಲ್‌ಗೆ ಹೋಗಿ ನುಡಿಸಿ ಬಂದಿದ್ದ. ಇದೇ ಆಲ್ಬಮಿನ 'ಸಾವ್ ಪಾಲೊ', ಎರಡು ತಿಂಗಳ ನಂತರದ 'ಬ್ಲೂ ಬೋಸಾ' ಕೇಳಿದರೆ ಆ ಪ್ರವಾಸದ ನೆನಪು ಕಾಣುತ್ತೆ. ಹೆಂಡರ್ಸನ್‌ನ ಆಲ್ಬಮಿಗೆ ಡೋರಮ್ ಎರಡು ಟ್ಯೂನ್ ಕೊಟ್ಟ, ಟ್ರಂಪೆಟ್ ಊದಿದ, ಹಿಂಬದಿಯ ಪರಿಚಯ ಬರಹವನ್ನೂ ಬರೆದ. ಹೊಸಬನನ್ನು ಹೀಗೆ ಕೈಹಿಡಿದು ಮುಂದೆ ನಿಲ್ಲಿಸಿದವರು ಎಷ್ಟು ಜನ ಇದ್ದಾರೆ?

ಅದೇ ವರ್ಷದ ಮೇ ಹೊತ್ತಿಗೆ ಹ್ಯಾನ್‌ಕಾಕ್ ಮತ್ತು ವಿಲಿಯಮ್ಸ್ ಹೊಸ ಗುಂಪು ಸೇರಿದರು. ಯಾರದು ಗೊತ್ತೇ? ಮೈಲ್ಸ್ ಡೇವಿಸ್‌ನದು! ಹದಿನೈದು ವರ್ಷದ ಹಿಂದೆ ಮೈಲ್ಸ್ ಬಿಟ್ಟ ಜಾಗಕ್ಕೆ ಇವನು ಹೋಗಿದ್ದ, ಈಗ ಇವನ ಜೊತೆ ನುಡಿಸಿದ ಹುಡುಗರು ಮೈಲ್ಸ್ ಹತ್ತಿರ ಹೋದರು. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಚರಿತ್ರೆ ಬರೆಯುವವರ ಬೆಳಕು ಆ ಹುಡುಗರ ಹಿಂದೆಯೇ ಹೋಯಿತು.

ಇಷ್ಟು ಕೇಳಿದ ಮೇಲೆ ಹಿಂದಕ್ಕೆ ಹೋಗಿ. 1955ರ 'ಆಫ್ರೋ-ಕ್ಯೂಬನ್', 1956ರ ಮೇ 31ರಂದು ನ್ಯೂಯಾರ್ಕಿನ ಕೆಫೆ ಬೊಹೀಮಿಯಾದಲ್ಲಿ ಜನರ ಮುಂದೆ ನುಡಿಸಿದ ಕಚೇರಿ, ಆಮೇಲೆ ರೋಚ್ ಜೊತೆಗಿನವು. ಈಗ ಕಿವಿಗೆ ಅವನ ಗುರುತು ಸಿಕ್ಕಿರುವುದರಿಂದ ಬ್ರೌನ್‌ನನ್ನಾಗಲಿ ಮೈಲ್ಸ್‌ನನ್ನಾಗಲಿ ಹುಡುಕುವುದಿಲ್ಲ. ಇನ್ನೂ ಧೈರ್ಯವಿದ್ದರೆ ಆಂಡ್ರ್ಯೂ ಹಿಲ್‌ನ 'ಪಾಯಿಂಟ್ ಆಫ್ ಡಿಪಾರ್ಚರ್' (1964). ಎರಿಕ್ ಡಾಲ್ಫಿಯಂಥ ಕಾಡು ಕುದುರೆಯ ಪಕ್ಕದಲ್ಲೂ ಡೋರಮ್ ತನ್ನ ದಾರಿ ಬಿಡದೆ ನಡೆಯುತ್ತಾನೆ. 1958ರಲ್ಲಿ ಅವನು ಹಾಡಿರುವ ಒಂದು ಆಲ್ಬಮ್ಮೂ ಇದೆ, ಅದನ್ನು ಅಭಿಮಾನಿಗಳಾದ ಮೇಲೆ ಕೇಳಿದರೆ ಸಾಕು :-)

1964ರ ಸೆಪ್ಟೆಂಬರಿನಲ್ಲಿ 'ಟ್ರೊಂಪೆಟಾ ಟೊಕಾಟಾ' ರೆಕಾರ್ಡ್ ಆಯಿತು. ಬ್ಲೂ ನೋಟ್‌ಗೆ ತನ್ನ ಹೆಸರಿನಲ್ಲಿ ಮಾಡಿದ್ದು ಅದೇ ಕೊನೆ. ಆಮೇಲೆ ಬದುಕಿದ್ದು ಇನ್ನೂ ಎಂಟು ವರ್ಷ. ಅಷ್ಟರಲ್ಲಿ ರಾಕ್ ಬಂದು ಜಾಜ್ ಕ್ಲಬ್ಬುಗಳ ಹೊಟ್ಟೆಗೆ ಹೊಡೆದಿತ್ತು. ಬೇರೆಯವರ ಆಲ್ಬಮುಗಳಲ್ಲಿ ಆಗಾಗ ಊದಿದ, 'ಡೌನ್ ಬೀಟ್' ಪತ್ರಿಕೆಗೆ ವಿಮರ್ಶೆ ಬರೆದ, ಹೊಟ್ಟೆಪಾಡಿಗೆ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದ. ಕಿಡ್ನಿ ಕೆಟ್ಟಿತ್ತು. 1972ರ ಡಿಸೆಂಬರ್ 5ರಂದು, 48ನೇ ವಯಸ್ಸಿನಲ್ಲಿ ತೀರಿಕೊಂಡ.

'ವಿಸಲ್ ಸ್ಟಾಪ್'ನ ಕೊನೆಯ ಟ್ಯೂನಿನ ಹೆಸರು 'ಡೋರಮ್ಸ್ ಎಪಿಟಾಫ್'. ಡೋರಮ್‌ನ ಸಮಾಧಿಯ ಬರಹ ಅಂತ. ಅದನ್ನು ಬರೆದಾಗ ಅವನಿಗೆ 36. ಸೋಲೋ ಇಲ್ಲ, ಆಡಂಬರ ಇಲ್ಲ, ಒಂದು ನಿಮಿಷಕ್ಕಿಂತ ತುಸು ಹೆಚ್ಚು ಅಷ್ಟೆ. ಆಲ್ಬಮ್ ಮುಗಿಯಿತು ಅಂತ ಅಷ್ಟರಲ್ಲಿ ನಿಲ್ಲಿಸಿಬಿಡಬೇಡಿ. ಅದನ್ನೂ ಕೇಳಿ.