ನೆಲದ ತಂತಿ, ಗೋಡೆಯ ತಂತಿ

ಕಚೇರಿಯ ಕಾರ್ಪೆಟ್ ಕೆಳಗೆ ಹಾಸುವ ಚಪ್ಪಟೆ ಕೇಬಲ್ಲಿನಲ್ಲಿ ಪಟ್ಟಿಯಂಥ ತಾಮ್ರದ ವಾಹಕಗಳು ಅಕ್ಕಪಕ್ಕ ಇರುತ್ತವೆ. ಅಮೆರಿಕದ ವಿದ್ಯುತ್ ಸಂಹಿತೆ 1981ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮೇಲೊಂದು ಲೋಹದ ಕವಚ ಕಡ್ಡಾಯ. ದುರಸ್ತಿಗೆ ಎಬ್ಬಿಸಲು ಬರುವಂತೆ ಕಾರ್ಪೆಟ್ಟೂ ಚೌಕ ತುಂಡುಗಳಲ್ಲೇ ಇರಬೇಕು. ಮನೆಗಳಿಗೆ ಅನುಮತಿಯಿಲ್ಲ; ಆಡಳಿತ ಕಚೇರಿಯ ಭಾಗ ಬಿಟ್ಟರೆ ಶಾಲೆ, ಆಸ್ಪತ್ರೆಗಳಿಗೂ ಇಲ್ಲ. ಅದು ತಕ್ಕ ಎಚ್ಚರಿಕೆಯೇ.

ಕರ್ನಾಟಕದಲ್ಲಿ ತಂತಿ ಹಿಡಿದದ್ದು ಗೋಡೆಯ ದಾರಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಬಂತು. ಆಗಿನ ಕಟ್ಟಡಗಳಲ್ಲಿ ತಂತಿ ಮರದ ಮುಚ್ಚಳಪಟ್ಟಿಯೊಳಗೆ ಓಡುತ್ತಿತ್ತು, ಮುಂದೆ ತೇಗದ ರೀಪಿನ ಮೇಲೆ ತಗಡಿನ ಕ್ಲಿಪ್ಪು ಹಿಡಿದು ನಿಂತಿತು, ಕೊನೆಗೆ ಪಿ.ವಿ.ಸಿ. ಕೊಳವೆಯೊಳಗೆ ಸೇರಿ ಗಿಲಾವಿನಡಿ ಮರೆಯಾಯಿತು. ನೆಲದ ದಾರಿ ಇಲ್ಲಿ ಸುಲಭವೂ ಅಲ್ಲ: ಸುರಪುರ, ಶಹಾಪುರ, ಯಾದಗಿರಿ ಸೀಮೆಯಲ್ಲಿ ನೆಲಕ್ಕೆ ಶಹಾಬಾದ್ ಫರಸಿ ಹಾಸುವ ರೂಢಿ. ಬಿಸಿಲಿಗೆ ತಂಪು ಕೊಡುವ ಆ ಬರಿಗಲ್ಲಿನ ಮೇಲೆ ಚಪ್ಪಟೆ ಕೇಬಲ್ಲಿಗೆ ಮರೆಯೇ ಇಲ್ಲ.